ನಾಯಿಗೆ ಕ್ಯಾನ್ಸರ್ ಹರಡಿದೆಯಾ? ಎಕ್ಸ್‌ರೇ, ಸ್ಕ್ಯಾನ್, ಸಿ.ಟಿ. ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿಯ ಹೊಟ್ಟೆ ಸವರುವಾಗ ಬೆರಳಿಗೆ ಒಂದು ಗಂಟು ತಾಗುತ್ತದೆ. ಡಾಕ್ಟರ ಹತ್ತಿರ ಹೋದರೆ "ಮೊದಲು ಎದೆಯ ಎಕ್ಸ್‌ರೇ ತೆಗೆಸಿ" ಅನ್ನುತ್ತಾರೆ. ಮನೆಯವರಿಗೆ ಗಾಬರಿಯ ಜೊತೆಗೆ ಗೊಂದಲ. ನಾನು ಪಶುವೈದ್ಯೆ. ಬೆಂಗಳೂರಿನಲ್ಲಿ ನಾಯಿ ಬೆಕ್ಕುಗಳ ಎಕ್ಸ್‌ರೇ, ಸ್ಕ್ಯಾನ್ (ಅಲ್ಟ್ರಾಸೌಂಡ್) ನೋಡುವುದೇ ನನ್ನ ದಿನನಿತ್ಯದ ಕೆಲಸ. ಹೊರಗೆ ಹತ್ತು ನಾಯಿಗಳು ಕಾಯುತ್ತಿರುವಾಗ ಬಿಡಿಸಿ ಹೇಳಲು ಆಗದ ಮಾತುಗಳನ್ನು ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ.

ಗಂಟು ಇರುವುದು ಹೊಟ್ಟೆಯ ಕೆಳಗೆ. ಎಕ್ಸ್‌ರೇ ಯಾಕೆ ಎದೆಗೆ?

ಮೈಯ ಎಲ್ಲ ಕಡೆಯಿಂದ ವಾಪಸ್ ಬರುವ ರಕ್ತ ಹೃದಯದ ಬಲಭಾಗಕ್ಕೆ ಸೇರಿ, ಅಲ್ಲಿಂದ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಶ್ವಾಸಕೋಶದ ಒಳಗಿನ ರಕ್ತನಾಳಗಳು ಕೂದಲೆಳೆಗಿಂತ ತೆಳು. ಗಡ್ಡೆಯಿಂದ ಕಳಚಿಕೊಂಡ ಕ್ಯಾನ್ಸರ್ ಕಣ ರಕ್ತದಲ್ಲಿ ತೇಲಿ ಬಂದರೆ, ಸಿಕ್ಕಿಹಾಕಿಕೊಳ್ಳುವ ಮೊದಲ ಜರಡಿ ಅದೇ. ಅಲ್ಲೇ ಬೇರು ಬಿಟ್ಟು ಬೆಳೆಯಲು ಶುರುವಾದರೆ ಎಕ್ಸ್‌ರೇಯಲ್ಲಿ ಬಿಳಿ ಉಂಡೆಯ ಹಾಗೆ ಕಾಣುತ್ತದೆ.

ನಮ್ಮಲ್ಲಿ ನಾನು ಜಾಸ್ತಿ ನೋಡುವುದು ಹೆಣ್ಣು ನಾಯಿಗಳ ಮೊಲೆಯ ಗಡ್ಡೆ. ಸಂತಾನಹರಣ ಆಪರೇಷನ್ ಮಾಡಿಸದೆ ವಯಸ್ಸಾದ ನಾಯಿಗಳಲ್ಲಿ ಇದು ತುಂಬಾ ಸಾಮಾನ್ಯ. ಇಂಥ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕೆಟ್ಟವು, ಅಂದರೆ ಹರಡುವ ಜಾತಿಯವು. ಹರಡಿದರೆ ಮೊದಲು ಹತ್ತಿರದ ಲಿಂಫ್ ಗ್ರಂಥಿಗೆ (ಸೋಂಕು ತಡೆಯುವ ಪುಟ್ಟ ಗ್ರಂಥಿ), ಆಮೇಲೆ ಶ್ವಾಸಕೋಶಕ್ಕೆ. ಮೂಳೆಯ ಕ್ಯಾನ್ಸರ್, ಬಾಯಿಯ ಕಪ್ಪು ಗಡ್ಡೆ, ಗುಲ್ಮದ (ಸ್ಪ್ಲೀನ್) ರಕ್ತನಾಳದ ಕ್ಯಾನ್ಸರ್ ಇವೂ ಶ್ವಾಸಕೋಶದ ದಾರಿ ಹಿಡಿಯುತ್ತವೆ. ಅದಕ್ಕೇ ಗಂಟು ಎಲ್ಲೇ ಇರಲಿ, ನಾವು ಎದೆ ನೋಡುತ್ತೇವೆ.

ಗಡ್ಡೆ ತೆಗೆಸಿಬಿಟ್ಟರೆ ಆಯಿತಲ್ವಾ? ಹರಡಿದೆಯಾ ಅಂತ ಮೊದಲೇ ಯಾಕೆ ನೋಡಬೇಕು?

ಇದಕ್ಕೆ ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ನಾನು ಇನ್ನೂ ಓದುತ್ತಿದ್ದಾಗ ಊರಲ್ಲಿ ಚಿನ್ನಿ ಅಂತ ನಾಯಿ ಇತ್ತು. 11 ವರ್ಷ. ಹಿಂದಿನ ಮೊಲೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಅಪ್ಪ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದೇ ಒಂದು ಎಕ್ಸ್‌ರೇ ತೆಗೆದು, ಎದೆ ಸರಿಯಾಗಿದೆ ಎಂದು ಆಪರೇಷನ್ ಮಾಡಿದರು. ಉದ್ದಕ್ಕೆ ಹೊಲಿಗೆ. ಹತ್ತು ದಿನ ಅದು ಮಲಗಲು ಆಗದೆ ಒದ್ದಾಡಿತು. ಹೊಲಿಗೆ ಬಿಚ್ಚಿ ತಿಂಗಳು ತುಂಬುವ ಮೊದಲೇ ಉಸಿರಾಟ ಕಷ್ಟವಾಯಿತು. ಆಗ ಇನ್ನೊಂದು ಕಡೆ ಪೂರ್ತಿ ಎಕ್ಸ್‌ರೇ ತೆಗೆಸಿದರೆ ಎರಡೂ ಶ್ವಾಸಕೋಶದ ತುಂಬ ಉಂಡೆಗಳು. ಅಷ್ಟು ದೊಡ್ಡವು ಒಂದು ತಿಂಗಳಲ್ಲಿ ಬೆಳೆದವಲ್ಲ.

ಮೊದಲೇ ಗೊತ್ತಾಗಿದ್ದರೆ ಚಿನ್ನಿ ಬದುಕುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆ ಹತ್ತು ದಿನದ ನೋವು ತಪ್ಪುತ್ತಿತ್ತು. ಹರಡಿದೆ ಅಂತ ಗೊತ್ತಿದ್ದರೆ ದೊಡ್ಡ ಆಪರೇಷನ್ ಬಿಟ್ಟು ನೋವು ಕಡಿಮೆ ಮಾಡುವ ದಾರಿ ನೋಡಬಹುದು. ಗಡ್ಡೆ ಒಡೆದು ಹುಣ್ಣಾಗಿದ್ದರೆ ಮಾತ್ರ, ಹರಡಿದ್ದರೂ ಅದನ್ನು ತೆಗೆಸುವುದರಲ್ಲಿ ಅರ್ಥವಿರುತ್ತದೆ. ಯಾವುದು ಸರಿ ಅಂತ ತೀರ್ಮಾನಿಸಲು ಚಿತ್ರ ಮೊದಲು ಬೇಕು, ಕತ್ತರಿ ಆಮೇಲೆ.

ಒಂದು ಎಕ್ಸ್‌ರೇ ಸಾಕಾಗುವುದಿಲ್ಲವಾ? ಮೂರು ಯಾಕೆ ಹೇಳುತ್ತಾರೆ?

ದುಡ್ಡಿಗೋಸ್ಕರ ಅಂತ ಕೆಲವರು ಅಂದುಕೊಳ್ಳುತ್ತಾರೆ. ಖಂಡಿತ ಅಲ್ಲ.

ನಾಯಿಯನ್ನು ಬಲ ಮಗ್ಗುಲಿಗೆ ಮಲಗಿಸಿದಾಗ ಕೆಳಗಾಗುವ ಬಲ ಶ್ವಾಸಕೋಶ ಮೈಭಾರಕ್ಕೆ ಅದುಮಿಕೊಳ್ಳುತ್ತದೆ. ಅದರೊಳಗಿನ ಗಾಳಿ ಕಡಿಮೆಯಾಗುತ್ತದೆ. ಎಕ್ಸ್‌ರೇಯಲ್ಲಿ ಗಾಳಿ ಕಪ್ಪು, ಗಂಟು ಬೂದು ಬಿಳಿ. ಸುತ್ತ ಕಪ್ಪು ಇದ್ದರೆ ತಾನೆ ಬಿಳಿ ಕಾಣುವುದು? ಗಾಳಿ ಹೋಗಿ ಶ್ವಾಸಕೋಶವೂ ಬೂದಾದರೆ, ಅದರೊಳಗಿನ ಗಂಟು ಅಲ್ಲೇ ಕರಗಿಹೋದಂತೆ ಆಗುತ್ತದೆ. ಮೇಲಿರುವ ಎಡ ಶ್ವಾಸಕೋಶ ಮಾತ್ರ ಚೆನ್ನಾಗಿ ಗಾಳಿ ತುಂಬಿಕೊಂಡು ಸ್ಪಷ್ಟವಾಗಿ ಕಾಣುತ್ತದೆ. ಅದೇ ನಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸಿ ತೆಗೆದರೆ, ಮೊದಲ ಚಿತ್ರದಲ್ಲಿ ಇಲ್ಲದ ಗಂಟು ಎರಡನೆಯದರಲ್ಲಿ ಎದ್ದು ಕಾಣಬಹುದು.

ಹಾಗಾಗಿ ಬಲ ಮಗ್ಗುಲಿನದು ಒಂದು, ಎಡ ಮಗ್ಗುಲಿನದು ಒಂದು, ಬೆನ್ನ ಮೇಲೆ ಅಂಗಾತ ಮಲಗಿಸಿ ಒಂದು. ಒಟ್ಟು ಮೂರು. ಅದೂ ನಾಯಿ ಉಸಿರು ಪೂರ್ತಿ ಎಳೆದುಕೊಂಡ ಗಳಿಗೆಯಲ್ಲಿ ತೆಗೆಯಬೇಕು. ನಮ್ಮ ಟೆಕ್ನಿಷಿಯನ್ ನಾಯಿಯ ಪಕ್ಕೆಲುಬನ್ನೇ ನೋಡುತ್ತಾ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿರುತ್ತಾರೆ. ಪಕ್ಕೆ ಅಗಲವಾದ ತಕ್ಷಣ ಒತ್ತುತ್ತಾರೆ. ಏದುಸಿರು ಬಿಡುವ ನಾಯಿಯಾದರೆ ಬಾಯಿಯನ್ನು ಒಂದೆರಡು ಕ್ಷಣ ಮೆಲ್ಲಗೆ ಹಿಡಿದು ಮುಚ್ಚಬೇಕಾಗುತ್ತದೆ.

ನಿಮ್ಮ ಡಾಕ್ಟರು ಒಂದೇ ಚಿತ್ರ ತೆಗೆದರೆ "ಮೂರೂ ತೆಗೆಯೋಣವಾ ಡಾಕ್ಟ್ರೇ?" ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಎದೆ ಕ್ಲೀನ್ ಅಂತ ಬಂತು. ಹರಡಿಲ್ಲ ಅಂತ ತಾನೆ?

ಅಲ್ಲ. "ಕಂಡಿಲ್ಲ" ಅಂತ ಅರ್ಥ. "ಇಲ್ಲ" ಅಂತ ಅಲ್ಲ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹೋಗಲಿ ಅಂತಲೇ ನಾನು ಇಷ್ಟೆಲ್ಲ ಬರೆಯುತ್ತಿರುವುದು.

ಎಕ್ಸ್‌ರೇಯಲ್ಲಿ ಗಂಟು ನಂಬಿಕೆಯಿಂದ ಕಾಣಬೇಕಾದರೆ ಅದು ಕಡಲೆಕಾಳಿನಷ್ಟಾದರೂ ಬೆಳೆದಿರಬೇಕು. ಅಂದರೆ 7ರಿಂದ 9 ಮಿಲಿಮೀಟರ್. ಜಾಗ ಅನುಕೂಲವಾಗಿದ್ದರೆ ಇನ್ನೂ ಸ್ವಲ್ಪ ಚಿಕ್ಕದೂ ಸಿಗುತ್ತದೆ. ಮೈಯೊಳಗನ್ನು ಪದರ ಪದರವಾಗಿ ತೋರಿಸುವ ಸಿ.ಟಿ. ಸ್ಕ್ಯಾನಿನಲ್ಲಿ ಸಾಸಿವೆ ಕಾಳಿನಷ್ಟು, ಸುಮಾರು 1 ಮಿಲಿಮೀಟರಿನದೂ ಕಾಣುತ್ತದೆ. ಅದಕ್ಕಿಂತ ಸಣ್ಣದು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಅಮೆರಿಕದಲ್ಲಿ ಕ್ಯಾನ್ಸರ್ ಹರಡಿದ್ದ 18 ನಾಯಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿ.ಟಿ.ಯಲ್ಲಿ ಕಂಡ ಗಂಟುಗಳಲ್ಲಿ ಎಕ್ಸ್‌ರೇಗೆ ಸಿಕ್ಕಿದ್ದು 100ಕ್ಕೆ 9 ಮಾತ್ರ.

ಮೂಳೆಯ ಕ್ಯಾನ್ಸರ್ ಇದಕ್ಕೆ ದೊಡ್ಡ ಉದಾಹರಣೆ. ರಾಟ್‌ವೈಲರ್, ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್ ಥರದ ದೊಡ್ಡ ಮೈಕಟ್ಟಿನ ನಾಯಿಗಳಿಗೆ ಬರುತ್ತದೆ. ಪತ್ತೆಯಾದ ದಿನ ಎಕ್ಸ್‌ರೇಯಲ್ಲಿ ಹರಡಿರುವುದು ಕಾಣುವುದು ಸುಮಾರು ಹತ್ತರಲ್ಲಿ ಒಂದು ನಾಯಿಗೆ. ಆದರೆ ಹತ್ತರಲ್ಲಿ ಒಂಬತ್ತಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಆಗಲೇ ಹರಡಿರುತ್ತದೆ. ಎದೆ ಕ್ಲೀನ್ ಇದ್ದರೂ ಕಾಲು ತೆಗೆದ ಮೇಲೆ ಕೀಮೋ ಕೊಡಿ ಅನ್ನುವುದು ಇದಕ್ಕೇ.

ಹಾಗಂತ ಕ್ಲೀನ್ ವರದಿಗೆ ಬೆಲೆ ಇಲ್ಲವೆಂದಲ್ಲ. ಕಣ್ಣಿಗೆ ಕಾಣುವಷ್ಟು ಹರಡಿಲ್ಲದ ನಾಯಿಗೂ, ಶ್ವಾಸಕೋಶದ ತುಂಬ ಉಂಡೆ ಇರುವ ನಾಯಿಗೂ ಮುಂದಿನ ದಾರಿ ಬೇರೆ ಬೇರೆ. ಕ್ಲೀನ್ ಬಂದರೆ ಸಮಾಧಾನ ಪಡಿ, ಆಪರೇಷನ್ನಿಗೆ ಮುಂದುವರಿಯಿರಿ. ಆಮೇಲಿನ ಪರೀಕ್ಷೆಗಳನ್ನು ಮಾತ್ರ ಬಿಡಬೇಡಿ.

ಎಕ್ಸ್‌ರೇಯಲ್ಲಿ ಒಂದು ಚುಕ್ಕೆ ಕಂಡಿದೆ. ಕ್ಯಾನ್ಸರೇನಾ?

ತಕ್ಷಣ ಹಾಗೆ ಅಂದುಕೊಳ್ಳಬೇಡಿ. ಎದೆಯ ಚಿತ್ರದಲ್ಲಿ ಗುಂಡಗೆ ಕಾಣುವ ಎಲ್ಲವೂ ಗಂಟಲ್ಲ.

ಒಂದು ಸಲ 9 ವರ್ಷದ ಲ್ಯಾಬ್ರಡಾರ್ ಒಂದನ್ನು ಕರೆತಂದಿದ್ದರು. ಬೇರೆ ಕಡೆ ತೆಗೆದ ಎಕ್ಸ್‌ರೇಯಲ್ಲಿ ಎರಡು ಗುಂಡು ಚುಕ್ಕೆ. ಎಡಕ್ಕೊಂದು, ಬಲಕ್ಕೊಂದು. ಅಜ್ಜಿಯೊಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು. ಎರಡೂ ಚುಕ್ಕೆ ಸಮ ಎತ್ತರದಲ್ಲಿ, ಸಮ ದೂರದಲ್ಲಿ ಇದ್ದದ್ದು ನನಗೆ ಅನುಮಾನ ತಂದಿತು. ಎದೆಯ ಮೇಲಿನ ಎರಡು ಮೊಲೆತೊಟ್ಟಿಗೆ ಸ್ವಲ್ಪ ಬೇರಿಯಂ ಪೇಸ್ಟ್ ಸವರಿ ಮತ್ತೆ ತೆಗೆದೆವು. ಅದು ಎಕ್ಸ್‌ರೇಯಲ್ಲಿ ಸುಣ್ಣದ ಹಾಗೆ ಬೆಳ್ಳಗೆ ಕಾಣುವ ವಸ್ತು. ಹೊಸ ಚಿತ್ರದಲ್ಲಿ ಆ ಎರಡು ಚುಕ್ಕೆಗಳ ಜಾಗದಲ್ಲೇ ಬಿಳಿ ಬೊಟ್ಟು ಹೊಳೆಯುತ್ತಿತ್ತು. ಮೊಲೆತೊಟ್ಟುಗಳೇ ಶ್ವಾಸಕೋಶದ ಗಂಟಿನ ಹಾಗೆ ಕಂಡಿದ್ದವು. ಅಜ್ಜಿ ನಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟರು.

ರಕ್ತ ಕುಡಿದು ಊದಿದ ಉಣ್ಣಿ ಹೀಗೆಯೇ ಕಾಣುತ್ತದೆ. ಅದಕ್ಕೆ ಎಕ್ಸ್‌ರೇಗೆ ಮುಂಚೆ ನಾನು ಕೂದಲೊಳಗೆ ಬೆರಳಾಡಿಸಿ ನೋಡುತ್ತೇನೆ. ಚರ್ಮದ ಮೇಲಿನ ನರುಳಿ, ನೇರವಾಗಿ ನಮ್ಮ ಕಡೆಗೆ ಬರುವ ರಕ್ತನಾಳದ ಅಡ್ಡಕೊಯ್ತ, ಪಕ್ಕೆಲುಬು ಮೃದ್ವಸ್ಥಿಗೆ ಸೇರುವ ಗಿಣ್ಣು, ಇವೂ ಮೋಸ ಮಾಡುತ್ತವೆ. ವಯಸ್ಸಾದ ನಾಯಿಗಳ ಶ್ವಾಸಕೋಶದಲ್ಲಿ ಕೆಲವು ಸಲ ಮೂಳೆಯಂಥ ಪುಟ್ಟ ಹರಳುಗಳು ಬೆಳೆದಿರುತ್ತವೆ. ಅವು 2ರಿಂದ 4 ಮಿಲಿಮೀಟರ್ ಇರುತ್ತವೆ, ಸಣ್ಣದಾದರೂ ತುಂಬಾ ಬೆಳ್ಳಗೆ ಕಾಣುತ್ತವೆ. ಅವುಗಳಿಂದ ಏನೂ ತೊಂದರೆ ಇಲ್ಲ. ಹಳೇ ಸೋಂಕಿನ ಗುರುತು, ಶಿಲೀಂಧ್ರದ ಗಂಟು, ಕೀವಿನ ಗಂಟು ಕೂಡ ಇರಬಹುದು.

ಬೇರೆ ಬೇರೆ ಗಾತ್ರದ ಗುಂಡನೆಯ ಹಲವು ಗಂಟುಗಳು ಎರಡೂ ಕಡೆ ಚದುರಿದ್ದರೆ, ಮೈಮೇಲೆ ಕ್ಯಾನ್ಸರ್ ಗಡ್ಡೆಯೂ ಇದ್ದರೆ, ಅದು ಹರಡಿದೆ ಅನ್ನುವುದು ಹೆಚ್ಚುಕಡಿಮೆ ಖಚಿತ. ಒಂದೇ ಒಂದು ಸಣ್ಣ ಚುಕ್ಕೆಯಾದರೆ ಸಿ.ಟಿ. ಮಾಡಿಸಬೇಕು, ಇಲ್ಲ 4ರಿಂದ 6 ವಾರ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆದು ಬೆಳೆದಿದೆಯಾ ನೋಡಬೇಕು.

ಹೊಟ್ಟೆಯ ಸ್ಕ್ಯಾನ್ ಯಾವಾಗ ಬೇಕು?

ಅಲ್ಟ್ರಾಸೌಂಡ್ ಗಾಳಿಯನ್ನೂ ಮೂಳೆಯನ್ನೂ ದಾಟುವುದಿಲ್ಲ. ಅದಕ್ಕೇ ಶ್ವಾಸಕೋಶದ ಒಳಗನ್ನು ಅದು ತೋರಿಸಲಾರದು. ಲಿವರ್, ಗುಲ್ಮ, ಕಿಡ್ನಿ, ಮೂತ್ರಕೋಶ, ಹೊಟ್ಟೆಯೊಳಗಿನ ಲಿಂಫ್ ಗ್ರಂಥಿಗಳಿಗೆ ಮಾತ್ರ ಅದೇ ಸರಿ.

ಮಾಸ್ಟ್ ಸೆಲ್ ಗಡ್ಡೆ ಎಂಬ ಚರ್ಮದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋಗುವುದು ಅಪರೂಪ. ಅದು ಲಿಂಫ್ ಗ್ರಂಥಿ, ಗುಲ್ಮ, ಲಿವರ್ ಕಡೆ ಹೋಗುತ್ತದೆ. ಗುದದ ಪಕ್ಕದ ಚೀಲದ ಗ್ರಂಥಿಯ ಕ್ಯಾನ್ಸರ್ ಹೊರಗೆ ಬಟಾಣಿಯಷ್ಟಿದ್ದು, ಒಳಗೆ ಸೊಂಟದ ಕೆಳಗಿನ ಲಿಂಫ್ ಗ್ರಂಥಿಯನ್ನು ಕಿತ್ತಳೆ ಗಾತ್ರಕ್ಕೆ ಊದಿಸಿರುತ್ತದೆ. ಇಂಥವುಗಳಲ್ಲಿ ಎದೆಯ ಎಕ್ಸ್‌ರೇ ಒಂದನ್ನೇ ನಂಬಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಗುಲ್ಮದ ರಕ್ತನಾಳದ ಕ್ಯಾನ್ಸರ್ ಹೃದಯದ ಬಲ ಮೇಲ್ಕೋಣೆಯಲ್ಲೂ ಇರಬಹುದಾದ್ದರಿಂದ ಹೃದಯದ ಎಕೋ ಕೂಡ ಮಾಡುತ್ತೇವೆ.

ಸ್ಕ್ಯಾನಿಗೆ ಬರುವಾಗ 10-12 ಗಂಟೆ ಊಟ ಕೊಟ್ಟಿರಬಾರದು. ನೀರು ಕೊಡಬಹುದು. ಬರುವ ದಾರಿಯಲ್ಲಿ ಕಂಬ ಕಂಬಕ್ಕೂ ಉಚ್ಚೆ ಮಾಡಲು ಬಿಡಬೇಡಿ, ಮೂತ್ರಕೋಶ ತುಂಬಿದ್ದರೆ ಚೆನ್ನಾಗಿ ಕಾಣುತ್ತದೆ. ಹೊಟ್ಟೆಯ ಕೂದಲು ಬೋಳಿಸುತ್ತೇವೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕೂದಲ ನಡುವೆ ಗಾಳಿ ಕೂತರೆ ಚಿತ್ರ ಮಸುಕಾಗುತ್ತದೆ.

ಸ್ಕ್ಯಾನಿನಲ್ಲಿ ಲಿವರ್ ಮೇಲೆ ಗಂಟಿದೆ ಅಂದರು. ಹರಡಿದೆಯಾ?

ವಯಸ್ಸಾದ ನಾಯಿಗಳ ಲಿವರ್ ಮತ್ತು ಗುಲ್ಮದಲ್ಲಿ ನಿರುಪದ್ರವಿ ಗಂಟುಗಳು ಬಹಳ ಸಾಮಾನ್ಯ. ಸ್ಕ್ಯಾನ್ ನೋಡಿ ಅನುಮಾನ ಪಡಬಹುದು ಅಷ್ಟೇ, ತೀರ್ಪು ಕೊಡಲು ಆಗುವುದಿಲ್ಲ. ಸ್ಕ್ಯಾನ್ ನೋಡಿಕೊಂಡೇ ಸಣ್ಣ ಸೂಜಿ ಚುಚ್ಚಿ ಒಂದಿಷ್ಟು ಕಣ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸ್ಕ್ಯಾನ್ ಒಂದನ್ನೇ ನೋಡಿ ನಾಯಿಗೆ ದಯಾಮರಣ ಕೊಡಿಸಲು ಹೊರಟವರನ್ನು ನಾನು ತಡೆದಿದ್ದೇನೆ. ದಯವಿಟ್ಟು ಸೂಜಿ ಪರೀಕ್ಷೆ ಮಾಡಿಸದೆ ಆ ತೀರ್ಮಾನಕ್ಕೆ ಬರಬೇಡಿ. ಗುಲ್ಮದಲ್ಲಿ ರಕ್ತ ತುಂಬಿದ ಗಂಟಾದರೆ ಸೂಜಿಯಿಂದ ರಕ್ತಸ್ರಾವವಾಗುವ ಅಪಾಯ ಇರುತ್ತದೆ. ಚುಚ್ಚಬೇಕಾ ಬೇಡವಾ ಅಂತ ಅಲ್ಲಿ ನಿಮ್ಮ ಡಾಕ್ಟರೇ ನೋಡಿ ಹೇಳಬೇಕು.

ಲಿಂಫ್ ಗ್ರಂಥಿ ಮಾಮೂಲಿ ಗಾತ್ರದಲ್ಲೇ ಇದೆ. ಬಿಡಬಹುದಾ?

ಬಿಡಬೇಡಿ. ಬಾಯಿಯ ಮೆಲನೋಮ (ಮೇಲೆ ಹೇಳಿದ ಕಪ್ಪು ಗಡ್ಡೆ) ಇದ್ದ 100 ನಾಯಿಗಳನ್ನು ನೋಡಿದ ಅಧ್ಯಯನವೊಂದಿದೆ. ದವಡೆ ಕೆಳಗಿನ ಗ್ರಂಥಿ ಸರಿಯಾದ ಗಾತ್ರದಲ್ಲೇ ಇದ್ದ ನಾಯಿಗಳಲ್ಲೂ 100ಕ್ಕೆ 40ರಷ್ಟರಲ್ಲಿ ಕ್ಯಾನ್ಸರ್ ಆಗಲೇ ಸೇರಿತ್ತು. ಗ್ರಂಥಿ ಊದಿದ್ದವುಗಳಲ್ಲಿ 100ಕ್ಕೆ ಸುಮಾರು 38ರಲ್ಲಿ ಇರಲಿಲ್ಲ. ಬೆರಳಿಗೂ ಸ್ಕ್ಯಾನಿಗೂ ಗೊತ್ತಾಗುವುದು ಗಾತ್ರ. ಒಳಗೇನಿದೆ ಅಂತ ಹೇಳುವುದು ಸೂಜಿ.

ಸಿ.ಟಿ. ಮಾಡಿಸಲೇಬೇಕಾ?

ಎಲ್ಲರಿಗೂ ಬೇಡ. ಎಕ್ಸ್‌ರೇಯಲ್ಲೇ ಉಂಡೆಗಳು ಸ್ಪಷ್ಟವಾಗಿ ಕಂಡಿದ್ದರೆ ಸಿ.ಟಿ.ಗೆ ಖರ್ಚು ಮಾಡಿ ಹೊಸದಾಗಿ ತಿಳಿಯುವುದು ಏನೂ ಇರುವುದಿಲ್ಲ. ಆ ದುಡ್ಡನ್ನು ಔಷಧಿಗೆ ಇಟ್ಟುಕೊಳ್ಳಿ.

ಕಾಲು ತೆಗೆಯುವುದು, ದವಡೆ ತೆಗೆಯುವುದು ಇಂಥ ದೊಡ್ಡ ಆಪರೇಷನ್ನಿಗೆ ಮುಂಚೆ ಸಿ.ಟಿ. ಮಾಡಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸಿ.ಟಿ. ಎದೆಯನ್ನು ಬ್ರೆಡ್ಡಿನ ಸ್ಲೈಸ್ ಥರ ಪದರ ಪದರವಾಗಿ ತೋರಿಸುತ್ತದೆ. ಹೃದಯದ ಹಿಂದೆ, ವಪೆಯ (ಎದೆ ಹೊಟ್ಟೆಗಳ ನಡುವಿನ ಪರದೆ) ಮರೆಯಲ್ಲಿ ಅಡಗಿದ ಗಂಟು ಎಕ್ಸ್‌ರೇಗೆ ತಪ್ಪಿದರೂ ಇದಕ್ಕೆ ತಪ್ಪುವುದು ಕಷ್ಟ. ಚಿತ್ರದಲ್ಲಿ ಬೆಳ್ಳಗೆ ಕಾಣುವ, ಅಯೋಡಿನ್ ಇರುವ ಔಷಧಿಯನ್ನು ರಕ್ತನಾಳಕ್ಕೆ ಕೊಡುವುದರಿಂದ ಮೊದಲು ಕಿಡ್ನಿಯ ರಕ್ತ ಪರೀಕ್ಷೆ ಆಗಿರಬೇಕು.

ಸಿ.ಟಿ. ನಾಯಿಗಳಿಗೆ ಎಲ್ಲ ಊರಲ್ಲೂ ಸಿಗುವುದಿಲ್ಲ. ಎಕ್ಸ್‌ರೇ ಮತ್ತು ಸ್ಕ್ಯಾನಿಗೆ ಮಾತ್ರ ಬೆಂಗಳೂರಿಗೇ ಬರಬೇಕೆಂದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಹಾಗೆ ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲೂ ಇದಕ್ಕೆಂದೇ ವಿಭಾಗಗಳಿವೆ. ಹೋಗುವ ಮುಂಚೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ.

ಎಂ.ಆರ್.ಐ., ಪೆಟ್ ಸ್ಕ್ಯಾನ್?

ಮಿದುಳು, ಬೆನ್ನುಹುರಿಗೆ ಹರಡಿದ ಅನುಮಾನ ಇದ್ದರೆ ಎಂ.ಆರ್.ಐ. ಹೊಸದಾಗಿ ಫಿಟ್ಸ್ ಶುರುವಾದರೆ, ಹಿಂಗಾಲು ಬಿದ್ದರೆ ಯೋಚಿಸಬೇಕು. ಪೆಟ್ ಸ್ಕ್ಯಾನ್ (ಪಿ.ಇ.ಟಿ., ಸಾಕುಪ್ರಾಣಿ ಅನ್ನುವ 'ಪೆಟ್' ಅಲ್ಲ) ಹೊರದೇಶದ ಕೆಲವು ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ನಾಯಿಗಳಿಗೂ ಮಾಡುತ್ತಾರೆ. ನಮ್ಮಲ್ಲಿ ಅದಕ್ಕಾಗಿ ಅಲೆಯುವುದು ಬೇಡ.

ಅರಿವಳಿಕೆ ಅಂದರೆ ಭಯ. ವಯಸ್ಸಾದ ನಾಯಿ ತಡೆದುಕೊಳ್ಳುತ್ತದಾ?

ಎಕ್ಸ್‌ರೇಗೂ ಸ್ಕ್ಯಾನಿಗೂ ಸಾಮಾನ್ಯವಾಗಿ ಅರಿವಳಿಕೆ ಬೇಡ. ತೀರಾ ಹೆದರುವ ನಾಯಿಗೆ ಮಂಪರು ಬರಿಸುವ ಇಂಜೆಕ್ಷನ್ ಸಾಕು. ಸಿ.ಟಿ.ಗೆ ನಾಯಿ ಅಲುಗಾಡದೆ ಮಲಗಬೇಕಾದ್ದರಿಂದ ಅರಿವಳಿಕೆ ಬೇಕಾಗುತ್ತದೆ, ಆದರೆ ಚಿತ್ರ ತೆಗೆಯುವುದು ಕೆಲವೇ ನಿಮಿಷದ ಕೆಲಸ. ವಯಸ್ಸೊಂದೇ ಅಡ್ಡಿಯಲ್ಲ. ಹೃದಯ, ಕಿಡ್ನಿ, ರಕ್ತ ಸರಿಯಿದೆಯಾ ಅನ್ನುವುದು ಮುಖ್ಯ. ಎದೆಯ ಎಕ್ಸ್‌ರೇ ಮಾತ್ರ ಅರಿವಳಿಕೆ ಕೊಡುವ ಮೊದಲೇ ಆಗಲಿ. ಪ್ರಜ್ಞೆ ತಪ್ಪಿ ಒಂದೇ ಮಗ್ಗುಲಲ್ಲಿ ಮಲಗಿದ ನಾಯಿಯ ಶ್ವಾಸಕೋಶ ಬೇಗ ಕುಗ್ಗುತ್ತದೆ.

ಎಕ್ಸ್‌ರೇ ತೆಗೆಯುವಾಗ ನಾನೇ ಹಿಡಿದುಕೊಳ್ಳಬಹುದಾ?

ನಾಯಿಗೆ ಆ ಮೂರು ಚಿತ್ರದ ವಿಕಿರಣ ತೀರಾ ಕಡಿಮೆ, ಚಿಂತೆ ಬೇಡ. ಹಿಡಿದುಕೊಳ್ಳುವ ಮನುಷ್ಯರ ಬಗ್ಗೆ ಹುಷಾರಾಗಿರಬೇಕು. ಸೀಸದ ಏಪ್ರನ್ ಇಲ್ಲದೆ ಒಳಗೆ ನಿಲ್ಲಬೇಡಿ. ಬಸುರಿಯರು, ಮಕ್ಕಳು ಹೊರಗಿರಲಿ. ಮರಳಿನ ಚೀಲ ಇಟ್ಟೋ ಮಂಪರು ಬರಿಸಿಯೋ ಮಲಗಿಸಿದರೆ ಯಾರೂ ಹಿಡಿಯಬೇಕಾಗಿಲ್ಲ.

ಕಾಲು ಊದಿದೆ ಅಂತ ಹೋದರೆ ಎದೆಯ ಎಕ್ಸ್‌ರೇ ಬರೆದುಕೊಟ್ಟರು. ಏನು ಸಂಬಂಧ?

ಒಳ್ಳೆಯ ಡಾಕ್ಟರು ಅವರು. ಎದೆಯೊಳಗೆ ಗಡ್ಡೆ ಇದ್ದಾಗ ಕೆಲವು ನಾಯಿಗಳ ಕಾಲಿನ ಮೂಳೆಗಳ ಮೇಲೆ ಹೊಸ ಮೂಳೆ ಹುರುಪೆಯ ಹಾಗೆ ಬೆಳೆಯುತ್ತದೆ. ಕಾಲುಗಳು ದಪ್ಪಗಾಗಿ ಬಿಸಿಯಾಗಿ ನೋಯುತ್ತವೆ. ಕೆಮ್ಮು, ಉಬ್ಬಸ ಏನೂ ಇಲ್ಲದೆ ಕಾಲಿನ ಊತದಿಂದಲೇ ಶ್ವಾಸಕೋಶದ ಗಡ್ಡೆ ಪತ್ತೆಯಾಗುವುದುಂಟು.

ಬೀದಿ ನಾಯಿಯೊಂದರ ಜನನಾಂಗದಲ್ಲಿ ಹೂಕೋಸಿನಂಥ ಗಡ್ಡೆ, ರಕ್ತ ಸೋರುತ್ತಿದೆ. ಇದಕ್ಕೂ ಇಷ್ಟೆಲ್ಲ ಬೇಕಾ?

ಬೇಡ. ಅದು ಬಹುತೇಕ ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುವ ಗಡ್ಡೆ, ಟಿ.ವಿ.ಟಿ. ಒಳಗಡೆ ಹರಡುವುದು ಅಪರೂಪ. ಸೂಜಿ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ನಿಗೆ ಹೆಚ್ಚಿನವು ಪೂರ್ತಿ ಗುಣವಾಗುತ್ತವೆ. ನೋಡಲು ಭಯವಾದರೂ ಕೈಬಿಡಬೇಡಿ, ಇದು ವಾಸಿಯಾಗುವ ಕ್ಯಾನ್ಸರ್.

ಎಕ್ಸ್‌ರೇ ಫೋಟೊ ವಾಟ್ಸಾಪಿನಲ್ಲಿ ಕಳಿಸಿದರೆ ನೋಡಿ ಹೇಳುತ್ತೀರಾ?

ದಿನಾ ಬರುವ ಕೋರಿಕೆ. ಕಿಟಕಿಗೆ ಹಿಡಿದ ಫಿಲ್ಮಿನ ಫೋಟೊದಲ್ಲಿ ಮೂಳೆ ಮುರಿದಿದ್ದರೆ ಹೇಳಬಹುದು. ಶ್ವಾಸಕೋಶದ ಸಣ್ಣ ಗಂಟು ಅದರಲ್ಲಿ ಕಾಣುವುದೇ ಇಲ್ಲ. ಕಂಪ್ಯೂಟರಿನ ಮೂಲ ಫೈಲನ್ನೇ ಸಿ.ಡಿ.ಯಲ್ಲೋ ಪೆನ್ ಡ್ರೈವಿನಲ್ಲೋ ಕೇಳಿ ತೆಗೆದುಕೊಳ್ಳಿ. ಡೈಕಾಮ್ ಫೈಲ್ ಅಂದರೆ ಅವರಿಗೆ ಗೊತ್ತಾಗುತ್ತದೆ. ಹಳೆಯದನ್ನು ಎಸೆಯಬೇಡಿ. ಮುಂದಿನ ಸಲ ಹೊಸದರ ಪಕ್ಕ ಇಟ್ಟು ನೋಡಿದಾಗಲೇ ಬದಲಾವಣೆ ಗೊತ್ತಾಗುವುದು.

ಆಪರೇಷನ್ ಆದ ಮೇಲೆ ಎಷ್ಟು ದಿನಕ್ಕೊಮ್ಮೆ ತೆಗೆಸಬೇಕು?

ಕೆಟ್ಟ ಗಡ್ಡೆ ಅಂತ ಬಯಾಪ್ಸಿ (ತೆಗೆದ ಗಡ್ಡೆಯ ಲ್ಯಾಬ್ ಪರೀಕ್ಷೆ) ವರದಿ ಬಂದಿದ್ದರೆ ಮೊದಲ ವರ್ಷ ಸುಮಾರು 3 ತಿಂಗಳಿಗೊಮ್ಮೆ ಎದೆಯ ಮೂರು ಚಿತ್ರ. ಗಡ್ಡೆಯ ಜಾತಿ ನೋಡಿ ನಿಮ್ಮ ಡಾಕ್ಟರು ಹೆಚ್ಚುಕಡಿಮೆ ಮಾಡುತ್ತಾರೆ. ತೆಗೆದ ಗಡ್ಡೆಯನ್ನು ಬಯಾಪ್ಸಿಗೆ ಕಳಿಸದೆ ಬಿಸಾಡಲು ಮಾತ್ರ ಬಿಡಬೇಡಿ.

ಹರಡಿದೆ ಅಂತ ಖಚಿತವಾಯಿತು. ಈಗ ಮನೆಯಲ್ಲಿ ಏನು ಮಾಡಲಿ?

ಶ್ವಾಸಕೋಶಕ್ಕೆ ಹರಡಿದ ಎಷ್ಟೋ ನಾಯಿಗಳು ಕೆಮ್ಮುವುದೇ ಇಲ್ಲ. ಊಟ ಮಾಡುತ್ತವೆ, ಗೇಟಿನ ಹತ್ತಿರ ಬಾಲ ಅಲ್ಲಾಡಿಸುತ್ತವೆ. ವಾರಗಳೋ ತಿಂಗಳುಗಳೋ ಚೆನ್ನಾಗಿಯೇ ಇರುತ್ತವೆ. ಆ ದಿನಗಳನ್ನು ಅಳುತ್ತಾ ಕಳೆಯಬೇಡಿ. ನೋವಿನ ಔಷಧಿ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ.

ರಾತ್ರಿ ಅದು ಗಾಢ ನಿದ್ದೆಯಲ್ಲಿರುವಾಗ ಪಕ್ಕದಲ್ಲಿ ಕೂತು ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. ಒಂದು ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಬರೆದಿಡಿ. 18, 20, 19 ಅಂತ ಇದ್ದದ್ದು ದಿನ ದಿನಕ್ಕೆ ಏರುತ್ತಾ 30 ದಾಟಿದರೆ, ಬೆಳಗಾಗುವುದನ್ನು ಕಾಯದೆ ಡಾಕ್ಟರಿಗೆ ಫೋನ್ ಮಾಡಿ.